ಚೀಟಿ ಇಲ್ಲದ ಕಡತ

ಆ ಕಡತದ ಮೂರನೇ ಚಿತ್ರ ಕಂಡಾಗ ನನಗೆ ಮೊದಲು ನೆನಪಾದದ್ದು ಅಮ್ಮನ ಹೇನಿನ ಹಣಿಗೆ. ಒತ್ತೊತ್ತಾಗಿ ನಿಂತ ಸಣ್ಣ ಹಲ್ಲುಗಳು, ಒಂದೇ ಎತ್ತರ, ಒಂದೇ ದಪ್ಪ, ಒಂದೇ ಸಂದು. ವ್ಯತ್ಯಾಸ ಇದ್ದದ್ದು ಹಲ್ಲುಗಳ ಬುಡದಲ್ಲಿ. ಅಲ್ಲಿ ಯಾರೋ ದಾರ ಸುತ್ತಿದ ಹಾಗೆ ಎರಡು ಹಲ್ಲು ಸೇರಿ ಒಂದು ಕಟ್ಟು, ಆಮೇಲೆ ನಾಲ್ಕರದ್ದು, ಆಮೇಲೆ ಮೂರರದ್ದು, ಮತ್ತೆ ಎರಡು, ಮತ್ತೆ ಮೂರು. ಯಾವ ಲೆಕ್ಕಕ್ಕೂ ಸಿಗದ ಕಟ್ಟುಗಳು. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಯಂತ್ರದ ಪ್ರೋಬ್ ಒಳಗೆ ಕೂರುವ ಟ್ರಾನ್ಸ್‌ಡ್ಯೂಸರ್ ಸಾಲು ಅದು.

2014ರ ಮಳೆಗಾಲ. ನಾನು ಪೇಟೆಂಟ್ ಎಕ್ಸಾಮಿನರ್ ಆಗಿ ಎರಡು ವರ್ಷ ಆಗಿತ್ತು. ಮಧ್ಯಾಹ್ನದ ಊಟ ಮುಗಿಸಿ ಬಂದು, ಆ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದವನು ಐದೇ ನಿಮಿಷದಲ್ಲಿ ತೀರ್ಮಾನಕ್ಕೆ ಬಂದುಬಿಟ್ಟೆ. ಇದರಲ್ಲೇನಿದೆ, ಯಾರಿಗಾದರೂ ಹೊಳೆಯುವಂಥದ್ದು ಅಂತ. ಆ ಐದು ನಿಮಿಷ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಪೇಟೆಂಟ್ ಎಕ್ಸಾಮಿನರ್ ಅಂದರೆ ಏನು ಕೆಲಸ ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತಿದ್ದರು. ತೀರ್ಥಹಳ್ಳಿ ಸೀಮೆಯ ನಮ್ಮೂರಿನಲ್ಲಿ ಸರ್ಕಾರಿ ಕೆಲಸ ಎಂದರೆ ಮೇಷ್ಟ್ರು, ಗ್ರಾಮಲೆಕ್ಕಿಗ, ಕೆಇಬಿ. ಅಪ್ಪಯ್ಯ ಮಾತ್ರ ‘ನಮ್ಮ ಹುಡುಗ ಪರೀಕ್ಷೆ ಪೇಪರು ತಿದ್ತಾನೆ’ ಎಂದು ಹೇಳಿ ಮುಗಿಸುತ್ತಿದ್ದರು. ಯೋಚಿಸಿದರೆ ಅದು ತೀರಾ ತಪ್ಪೂ ಅಲ್ಲ. ಹೊಸದೊಂದನ್ನು ಕಂಡುಹಿಡಿದವನು ಅದರ ಗುಟ್ಟನ್ನೆಲ್ಲ ಬರೆದು ಸರ್ಕಾರಕ್ಕೆ ಒಪ್ಪಿಸುತ್ತಾನೆ. ಅದಕ್ಕೆ ಪ್ರತಿಯಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆ ಯಾರೂ ಅವನ ಅಪ್ಪಣೆ ಇಲ್ಲದೆ ಅದನ್ನು ಮಾಡುವಂತಿಲ್ಲ, ಮಾರುವಂತಿಲ್ಲ. ಆ ಒಪ್ಪಂದಕ್ಕೆ ಅವನು ಯೋಗ್ಯನೇ ಎಂದು ನೋಡಿ ವರದಿ ಬರೆಯುವವನು ಎಕ್ಸಾಮಿನರ್. ತೀರ್ಪು ಕೊಡುವವರು ಕಂಟ್ರೋಲರ್. ಕೋಲ್ಕತ್ತ, ದೆಹಲಿ, ಮುಂಬೈ, ಚೆನ್ನೈ ಹೀಗೆ ದೇಶದಲ್ಲಿ ನಾಲ್ಕು ಕಚೇರಿಗಳಿವೆ. ಅವುಗಳಲ್ಲೊಂದರ ಮೂಲೆಯ ಮೇಜು ನನ್ನದಾಗಿತ್ತು.

ತರಬೇತಿಯಲ್ಲಿ ಕೇಳಿದ ಎರಡು ಸಂಗತಿ ಇನ್ನೂ ನೆನಪಿವೆ. ಈ ದೇಶದಲ್ಲಿ ಮೊದಲ ಪೇಟೆಂಟು ಸಿಕ್ಕಿದ್ದು 1856ರಲ್ಲಿ, ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಎಂಬಾತನಿಗೆ, ಪಂಖಾ ಎಳೆಯುವ ಯಂತ್ರಕ್ಕೆ. ಎರಡನೆಯದು 1970ರ ಪೇಟೆಂಟ್ ಕಾಯ್ದೆಯ 75ನೇ ಕಲಮು: ಪೇಟೆಂಟ್ ಕಚೇರಿಯ ನೌಕರ, ಕೆಲಸದಲ್ಲಿರುವಷ್ಟು ಕಾಲ, ಯಾವ ಪೇಟೆಂಟಿನಲ್ಲೂ ಹಕ್ಕು ಪಡೆಯುವಂತಿಲ್ಲ; ಪಿತ್ರಾರ್ಜಿತವಾಗಿ ಅಥವಾ ಉಯಿಲಿನಿಂದ ಬಂದರೆ ಮಾತ್ರ ಸರಿ. ನಾವು ಹೊಸಬರು ನಕ್ಕಿದ್ದೆವು. ಪಿತ್ರಾರ್ಜಿತವಾಗಿ ನನಗೆ ಬರುವುದಿದ್ದದ್ದು ಎರಡು ತುಂಡು ಅಡಿಕೆ ತೋಟ. ಆ ತೋಟ ಈ ಕಥೆಯೊಳಗೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಅರ್ಜಿಯಲ್ಲಿರುವುದು ಹೊಸದೋ ಎಂದು ನೋಡುವುದು ಮೊದಲ ಕೆಲಸ. ಹೊಸದು ಎಂದರೆ ನಮ್ಮ ದೇಶಕ್ಕೆ ಮಾತ್ರ ಹೊಸದಾದರೆ ಸಾಲದು. ಜಗತ್ತಿನ ಯಾವ ಮೂಲೆಯಲ್ಲಿ, ಯಾವ ಕಾಲದಲ್ಲಿ ಅಚ್ಚಾದದ್ದಾದರೂ ಅದು ಎದುರು ಸಾಕ್ಷಿಯೇ. ಶಬ್ದದ ಅಲೆಗಳು ಬೆಳಕನ್ನು ಹೇಗೆ ಚದುರಿಸುತ್ತವೆ ಎಂದು ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥ್ ಬೆಂಗಳೂರಿನಲ್ಲಿ ಕೂತು 1935ರಲ್ಲಿ ಬರೆದ ಲೇಖನವನ್ನು ಇವತ್ತಿನ ಅರ್ಜಿಯ ಎದುರು ಇಡಬಹುದು. ಹುಡುಕಾಟ ಕಷ್ಟವೇ, ಆದರೆ ಅದು ದುಡಿಮೆಯ ಕಷ್ಟ. ನಿಜವಾದ ಕಷ್ಟ ಎರಡನೇ ಪ್ರಶ್ನೆಯಲ್ಲಿದೆ. ಹೊಸದೇನೋ ಹೌದು, ಆದರೆ ಆ ವಿದ್ಯೆಯಲ್ಲಿ ನುರಿತವನಿಗೆ ಅದು ತಾನಾಗಿ ಹೊಳೆಯುವಂಥದ್ದೇ?

ಈ ‘ನುರಿತವನು’ ಕಾನೂನು ಹುಟ್ಟಿಸಿದ ಒಬ್ಬ ವಿಚಿತ್ರ ಮನುಷ್ಯ. ತನ್ನ ವಿಷಯದಲ್ಲಿ ಅಚ್ಚಾದದ್ದನ್ನೆಲ್ಲ ಓದಿದ್ದಾನೆ, ಕೈಕೆಲಸ ಬಲ್ಲ; ಸ್ವಂತಕ್ಕೆ ಮಾತ್ರ ಏನೂ ಹೊಳೆಯುವುದಿಲ್ಲ. ಪ್ರತಿ ಕಡತಕ್ಕೂ ಎಕ್ಸಾಮಿನರ್ ಆ ಮನುಷ್ಯನ ಅಂಗಿ ತೊಟ್ಟು ಕೂರಬೇಕು. 1978ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ಪಾತ್ರೆ ಪ್ರಕರಣದಲ್ಲಿ ಕೊಟ್ಟ ತೀರ್ಪು ನಮಗೆಲ್ಲ ಬಾಯಿಪಾಠ. ಲೋಹದ ಪಾತ್ರೆಯನ್ನು ಲೇಥಿಗೆ ಹಿಡಿಸಿ ತಿರುಗಿಸುವ ಒಂದು ಸಾಧನಕ್ಕೆ ಪೇಟೆಂಟು ಸಿಕ್ಕಿತ್ತು. ಅದು ಬರೀ ಕಾರ್ಖಾನೆಯ ಸುಧಾರಣೆ, ಆವಿಷ್ಕಾರ ಅಲ್ಲ ಎಂದು ಕೋರ್ಟು ಆ ಪೇಟೆಂಟನ್ನು ತಳ್ಳಿಹಾಕಿತು. ‘ಬರೀ ಕಾರ್ಖಾನೆಯ ಸುಧಾರಣೆ’ ಎಂಬ ಮಾತು ನಮ್ಮಂಥ ಎಳೆಯ ಎಕ್ಸಾಮಿನರುಗಳ ಕೈಗೆ ಸಿಕ್ಕ ಕತ್ತಿ. ಅದನ್ನು ಬೀಸುವುದರಲ್ಲಿ ಒಂದು ಸುಖವಿತ್ತು.

ಆ ಹಣಿಗೆಯ ಸಂಗತಿ ಹೇಳಬೇಕಾದರೆ ಪ್ರೋಬ್ ಒಳಗೆ ಸ್ವಲ್ಪ ಇಣುಕಬೇಕು. ಸ್ಕ್ಯಾನಿಂಗ್ ಕೋಣೆಯಲ್ಲಿ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಒತ್ತುತ್ತಾರಲ್ಲ, ಆ ಕೈಹಿಡಿಕೆಯೇ ಪ್ರೋಬ್. ಅದರ ಮೂತಿಯೊಳಗೆ ಪಿಜೆಡ್‌ಟಿ ಎಂಬ ಪಿಂಗಾಣಿ ಜಾತಿಯ ತೆಳು ಬಿಲ್ಲೆ ಇರುತ್ತದೆ. ವಿದ್ಯುತ್ ಕೊಟ್ಟರೆ ಅದು ಹಿಗ್ಗಿ ಕುಗ್ಗಿ ಶಬ್ದ ಹೊರಡಿಸುತ್ತದೆ. ಶಬ್ದ ಮರಳಿ ಬಂದು ತಾಗಿದರೆ ವಿದ್ಯುತ್ ಹುಟ್ಟಿಸುತ್ತದೆ. ಹರಳುಗಳ ಈ ಗುಣವನ್ನು 1880ರಲ್ಲಿ ಕಂಡವರು ಕ್ಯೂರಿ ಸಹೋದರರು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲ್ಯಾಂಜೆವಿನ್ ಇದನ್ನೇ ಬಳಸಿ, ಉಕ್ಕಿನ ತಟ್ಟೆಗಳ ನಡುವೆ ಸ್ಫಟಿಕ ಕೂರಿಸಿ, ಸಮುದ್ರದಡಿಯ ಜಲಾಂತರ್ಗಾಮಿಗಳನ್ನು ಹುಡುಕಲು ಹೊರಟರು. ಅಲ್ಲಿ ಹಡಗು, ಇಲ್ಲಿ ಪಿತ್ತಕೋಶದ ಕಲ್ಲು. ಕೂಗಿ ಮಾರ್ದನಿಗೆ ಕಾಯುವ ಕೆಲಸ ಎರಡೂ ಕಡೆ ಒಂದೇ.

ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳೀತು. ಹೊಟ್ಟೆ ನೋಡುವ ಪ್ರೋಬ್ ಕೂಗುವುದು 35 ಲಕ್ಷ ಕಂಪನಗಳಲ್ಲಿ. ಮೈಯೊಳಗೆ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. ಭಾಗಿಸಿದರೆ ಒಂದು ಅಲೆಯ ಉದ್ದ 0.44 ಮಿಲಿಮೀಟರ್ ಆಗುತ್ತದೆ. ಬಿಲ್ಲೆಯನ್ನು ಕೂದಲಿಗಿಂತ ತೆಳುವಾದ ಗರಗಸದಲ್ಲಿ ಪಟ್ಟಿ ಪಟ್ಟಿಯಾಗಿ ಕೊಯ್ದು, ಪ್ರತಿ ಪಟ್ಟಿಗೂ ಒಂದೊಂದು ತಂತಿ ಕೊಟ್ಟು, ಒಂದರ ಹಿಂದೆ ಒಂದನ್ನು ಕ್ಷಣದ ಚೂರಿನಷ್ಟು ತಡವಾಗಿ ಕೂಗಿಸಿದರೆ ಶಬ್ದದ ಕೋಲು ಬೇಕಾದ ಕಡೆ ಓರೆಯಾಗುತ್ತದೆ. ಆದರೆ ಪಟ್ಟಿಯಿಂದ ಪಟ್ಟಿಗೆ ಇರುವ ದೂರ ಅಲೆಯ ಉದ್ದದ ಅರ್ಧಕ್ಕಿಂತ ಹೆಚ್ಚಾಗಬಾರದು. ಹೆಚ್ಚಾದರೆ ಬೇಡದ ದಿಕ್ಕಿಗೆ ಇನ್ನೊಂದು ಕೋಲು ಹುಟ್ಟಿಕೊಳ್ಳುತ್ತದೆ. ಪರದೆಯ ಮೇಲೆ ಇಲ್ಲದ ಜಾಗದಲ್ಲಿ ಇಲ್ಲದ ವಸ್ತು ಕಾಣಿಸುತ್ತದೆ.

ಯಾಕೆ ಹಾಗೆ ಎಂದು ಇಂಜಿನಿಯರಿಂಗ್ ಓದುವಾಗ ಸಮೀಕರಣದಲ್ಲಿ ಕಲಿತಿದ್ದೆ, ಅರ್ಥ ಆಗಿದ್ದು ನಮ್ಮ ಕೆಳಗಿನ ತೋಟದಲ್ಲಿ. ಅದು ಅಪ್ಪಯ್ಯ ಹಗ್ಗ ಹಿಡಿದು, ಒಂಬತ್ತು ಅಡಿಗೆ ಒಂದರಂತೆ ಅಳೆದು ನೆಟ್ಟ ಹೊಸ ತೋಟ. ಅಂಚಿನಲ್ಲಿ ನಿಂತು ನೇರ ನೋಡಿದರೆ ಸಾಲಿನುದ್ದಕ್ಕೂ ಆಚೆ ಬೇಲಿಯವರೆಗೆ ಕಾಣುತ್ತದೆ. ತಲೆ ಸ್ವಲ್ಪ ಹೊರಳಿಸಿದರೆ ಮರಗಳು ಒಂದನ್ನೊಂದು ಮರೆಮಾಡಿ ಗೋಡೆಯಾಗುತ್ತವೆ. ಇನ್ನೂ ಹೊರಳಿಸಿದರೆ ಥಟ್ಟನೆ ಓರೆಯಲ್ಲಿ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ. ಆ ದಾರಿಯನ್ನು ಯಾರೂ ಮಾಡಿದ್ದಲ್ಲ. ಅಳತೆ ಒಂದೇ ಆದದ್ದರಿಂದ ಹುಟ್ಟಿಕೊಂಡದ್ದು. ಪ್ರೋಬಿನ ಕಳ್ಳ ಕೋಲೂ ಹೀಗೇ.

ಪಟ್ಟಿಗಳನ್ನು ಒತ್ತೊತ್ತಾಗಿ ಇಟ್ಟರೆ ಕಾಟ ತಪ್ಪುತ್ತದೆ. ಆದರೆ ಆಗ ಪಟ್ಟಿಗಳು ಹೆಚ್ಚಾಗಬೇಕು, ಪ್ರತಿ ಪಟ್ಟಿಗೂ ಯಂತ್ರದೊಳಗೆ ಒಂದೊಂದು ಚಾನೆಲ್ ಬೇಕು. ದುಡ್ಡು ಹೋಗುವುದೇ ಅಲ್ಲಿ.

ಅರ್ಜಿದಾರರು ದಾವಣಗೆರೆ ಕಡೆಯವರು, ಆಸ್ಪತ್ರೆಗಳ ಪ್ರೋಬ್ ರಿಪೇರಿ ಮಾಡುವವರು. ಕಂಪನಿ ಇಲ್ಲ, ಲ್ಯಾಬ್ ಇಲ್ಲ. ಅರ್ಜಿಯ ಮೊದಲ ಕ್ಲೇಮಿನಲ್ಲಿ, ಅಂದರೆ ಇದು ನನ್ನದೆಂದು ಹಕ್ಕು ಕೇಳುವ ಭಾಗದಲ್ಲಿ, ಇದ್ದದ್ದು ಇಷ್ಟು. ಬಿಲ್ಲೆಯನ್ನು 0.2 ಮಿಲಿಮೀಟರಿಗೆ ಒಂದರಂತೆ ಸಮವಾಗಿ ಕೊಯ್ದು 192 ಕಂಬ ಮಾಡಬೇಕು. ಅವನ್ನು ಎರಡು, ಮೂರು, ನಾಲ್ಕರ ಕಟ್ಟುಗಳಾಗಿ, ಕಟ್ಟಿನ ಸರದಿ ಎಲ್ಲೂ ಮರುಕಳಿಸದ ಹಾಗೆ, ಹಿಂದಿನ ಸರ್ಕೀಟಿನಲ್ಲಿ ಜೋಡಿಸಬೇಕು. ಆಗ ಕಟ್ಟುಗಳು 64, ಚಾನೆಲ್‌ಗಳೂ 64 ಸಾಕು. ಕಟ್ಟಿಂದ ಕಟ್ಟಿಗೆ ಸರಾಸರಿ ದೂರ 0.6 ಮಿಲಿಮೀಟರ್, ಅಂದರೆ ಅರ್ಧ ಅಲೆಯ ಮಿತಿಯನ್ನು ಎಲ್ಲೋ ದಾಟಿದೆ. ಆದರೂ ದೂರ ಒಂದೇ ಸಮ ಇಲ್ಲದ್ದರಿಂದ ಕಳ್ಳ ಕೋಲು ಒಂದು ಕಡೆ ಕೂಡಿಕೊಳ್ಳದೆ ಸುತ್ತಲೂ ಮಂದವಾಗಿ ಚದುರಿಹೋಗುತ್ತದೆ ಎಂದು ಅವರ ವಾದ.

ನಾನು ಹುಡುಕಾಟಕ್ಕೆ ಕೂತೆ. ಸಿಕ್ಕಿತು, ಬೇಗನೇ ಸಿಕ್ಕಿತು. ಅಂತರ ಅಡ್ಡಾದಿಡ್ಡಿ ಇಟ್ಟರೆ ಕಳ್ಳ ಕೋಲು ಏಳುವುದಿಲ್ಲ ಎಂದು ರೇಡಿಯೊ ಆಂಟೆನಾಗಳ ವಿಷಯದಲ್ಲಿ ವೈ. ಟಿ. ಲೋ 1964ರಲ್ಲೇ ಗಣಿತ ಮಾಡಿ ತೋರಿಸಿದ್ದರು. ಅದನ್ನು ಅಲ್ಟ್ರಾಸೌಂಡ್ ಪಟ್ಟಿಗಳಿಗೆ ಹೊಂದಿಸಿದ ಒಂದು ಹಳೆಯ ವಿದೇಶಿ ಪೇಟೆಂಟು ಸಿಕ್ಕಿತು. ಅದಕ್ಕೆ ಡಿ1 ಎಂದು ಹೆಸರಿಟ್ಟೆ. ಒಂದು ಪಟ್ಟಿಯನ್ನು ಮತ್ತೆ ಸಣ್ಣ ಕಂಬಗಳಾಗಿ ಸೀಳಿ ಒಂದೇ ತಂತಿಗೆ ಕಟ್ಟುವ ಪದ್ಧತಿಯಂತೂ ಈ ಉದ್ಯಮದಲ್ಲಿ ಹಳೆಯದು. ಅದರ ದಾಖಲೆ ಡಿ2. ಡಿ1ಕ್ಕೆ ಡಿ2 ಕೂಡಿಸಿದರೆ ಅರ್ಜಿದಾರರ ಹಣಿಗೆ. ಕೂಡುವ ಲೆಕ್ಕ, ಅಷ್ಟೇ.

ವರದಿಯನ್ನು ನಾನು ಉತ್ಸಾಹದಿಂದಲೇ ಬರೆದೆ. ಗೊತ್ತಿರುವ ಸಾಧನಗಳ ಬರೀ ಮರುಜೋಡಣೆ ಎಂದು ಕಲಂ 3(ಎಫ್) ಹಾಕಿದೆ. ಹೊಟ್ಟೆಯೊಳಗಿನ ಗಡ್ಡೆ ಗುರುತಿಸುವ ವಿಧಾನ ಎಂದು ಕೊನೆಯಲ್ಲಿ ಒಂದು ಕ್ಲೇಮಿತ್ತು. ರೋಗ ಪತ್ತೆಯ ವಿಧಾನಕ್ಕೆ ನಮ್ಮಲ್ಲಿ ಪೇಟೆಂಟಿಲ್ಲ, ಕಲಂ 3(ಐ). ಅದಂತೂ ಸರಿಯಾದ ಆಕ್ಷೇಪಣೆಯೇ. ಮುಖ್ಯವಾದದ್ದು ಮಾತ್ರ ಎರಡೇ ಸಾಲು: ಡಿ1 ಮತ್ತು ಡಿ2 ಓದಿದ ನುರಿತವನಿಗೆ ಇದು ತಾನಾಗಿ ಹೊಳೆಯುತ್ತದೆ; ಇದು ಬರೀ ಕಾರ್ಖಾನೆಯ ಸುಧಾರಣೆ. ಅರ್ಜಿದಾರರು ರಿಪೇರಿಯವರು ಎಂಬುದು ಆ ಕೊನೆಯ ಮಾತು ಬರೆಯುವಾಗ ನನ್ನ ಮನಸ್ಸಿನಲ್ಲಿ ಇರಲಿಲ್ಲ ಎಂದು ಹೇಳಿದರೆ ಸುಳ್ಳಾದೀತು.

ಆಗಿನ ನಿಯಮದಂತೆ ವರದಿ ಸಿಕ್ಕ ಮೇಲೆ ಎಲ್ಲ ಆಕ್ಷೇಪಣೆ ತೀರಿಸಿಕೊಳ್ಳಲು ಹನ್ನೆರಡು ತಿಂಗಳ ಗಡುವು. ಅವರು ಎಂಟನೇ ತಿಂಗಳಲ್ಲಿ ಉತ್ತರ ಕೊಟ್ಟರು, ನಾನು ಒಪ್ಪಲಿಲ್ಲ, ಹಿಯರಿಂಗ್ ಗೊತ್ತಾಯಿತು.

ಹಿಯರಿಂಗ್ ಕೋಣೆಯಲ್ಲಿ ಕಂಟ್ರೋಲರ್ ಮೇಡಂ, ಪಕ್ಕದಲ್ಲಿ ನಾನು, ಎದುರಿಗೆ ಅವರ ಪೇಟೆಂಟ್ ಏಜೆಂಟ್ ಮತ್ತು ಅರ್ಜಿದಾರರು. ಐವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲ ಬಳಿ ಒಂದು ಬಟ್ಟೆ ಚೀಲ. ಬೆರಳ ತುದಿಗಳಲ್ಲಿ ಸೋಲ್ಡರಿಂಗ್ ಕಬ್ಬಿಣದ ಹಳೆಯ ಕಲೆಗಳು. ಏಜೆಂಟರು ಅರ್ಧ ಗಂಟೆ ಇಂಗ್ಲಿಷಿನಲ್ಲಿ ವಾದಿಸಿದರು. ಮೇಡಂ ಕೈಗಡಿಯಾರ ನೋಡಿದರು. ಆಗ ಆ ಮನುಷ್ಯ ಚೀಲಕ್ಕೆ ಕೈ ಹಾಕಿ ಒಂದು ಹಳೆಯ ಪ್ರೋಬ್ ತೆಗೆದು ಮೇಜಿನ ಮೇಲಿಟ್ಟರು. ಮೂತಿ ಬಿಚ್ಚಿತ್ತು. ಬೂದು ಬಣ್ಣದ ಮೈಮೇಲೆ ಗೆರೆ ಎಳೆದ ಹಾಗೆ ಕೊಯ್ತಗಳು. ಎರಡು ಪಕ್ಕದಲ್ಲಿ ಚಿನ್ನದ ಬಣ್ಣದ ಎರಡು ತೆಳು ಹಾಳೆಗಳು.

ನಿಧಾನವಾದ ಇಂಗ್ಲಿಷಿನಲ್ಲಿ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ಹಾಳೆಗಳೇ ತಂತಿ. ಒಂದನೇ, ಮೂರನೇ, ಐದನೇ ಪಟ್ಟಿಗಳ ತಂತಿ ಈ ಪಕ್ಕಕ್ಕೆ. ಎರಡು, ನಾಲ್ಕು, ಆರರದ್ದು ಆ ಪಕ್ಕಕ್ಕೆ. ಪ್ರೋಬ್ ಕೈಜಾರಿ ಬಿದ್ದು ಒಂದು ಹಾಳೆ ಕಿತ್ತುಬಂದರೆ ಪಟ್ಟಿಗಳು ಒಂದು ಬಿಟ್ಟು ಒಂದು ಸಾಯುತ್ತವೆ. ಅಂಥ ಪ್ರೋಬನ್ನು ನೀರಿನ ತೊಟ್ಟಿಯಲ್ಲಿಟ್ಟು, ಅಡ್ಡಕ್ಕೆ ಒಂದು ನೈಲಾನ್ ದಾರ ಕಟ್ಟಿ ನೋಡಿದರೆ, ಒಂದು ದಾರಕ್ಕೆ ಮೂರು ದಾರ ಕಾಣುತ್ತವೆ. ಇನ್ನೊಂದು ಥರದ ಪ್ರೋಬ್ ಬರುತ್ತದೆ. ವರ್ಷಗಟ್ಟಲೆ ಕೇಬಲ್ ತಿರುಚಿ ತಿರುಚಿ ಒಳಗಿನ ತಂತಿಗಳು ಅಲ್ಲೊಂದು ಇಲ್ಲೊಂದು ಕಡಿದಿರುತ್ತವೆ. ಅದರಲ್ಲೂ ಅರ್ಧಕ್ಕರ್ಧ ಪಟ್ಟಿ ಸತ್ತದ್ದನ್ನು ಅವರು ಕಂಡಿದ್ದರು. ಚಿತ್ರ ಮಂಕು, ಆದರೆ ದಾರ ಒಂದೇ.

‘ಸೇಮ್ ನಂಬರ್ ಡೆಡ್, ಮೇಡಂ. ಬಟ್ ನೋ ಘೋಸ್ಟ್’ ಎಂದರು.

ಮೇಡಂ ಕೈಗಡಿಯಾರ ನೋಡುವುದನ್ನು ಬಿಟ್ಟರು. ‘ಇದು ಡಿ1ರಲ್ಲೇ ಇದೆಯಲ್ಲ’ ಎಂದು ನಾನು ಎತ್ತಿದೆ. ಅವರು ಡಿ1ರ ಪ್ರತಿಯನ್ನು ನನ್ನ ಕಡೆ ತಿರುಗಿಸಿ, ಕೊನೆಯ ಪುಟ ತೆಗೆದು, ಪೆನ್ಸಿಲಿನಲ್ಲಿ ಗೆರೆ ಹಾಕಿದ ಒಂದು ಪ್ಯಾರಾ ತೋರಿಸಿದರು. ಪಟ್ಟಿಯ ಅಗಲ ಬದಲಾದರೆ ಅದರ ಕಂಪನವೂ ಬದಲಾಗುತ್ತದೆ, ದಪ್ಪಕ್ಕೆ ಅಗಲ ಹತ್ತಿರವಾದರೆ ಪಟ್ಟಿ ಅಡ್ಡಡ್ಡ ನಡುಗತೊಡಗುತ್ತದೆ. ಆದ್ದರಿಂದ ಅಗಲವನ್ನು ಎಂದೂ ಮುಟ್ಟಬೇಡಿ, ನಡುವಿನ ಖಾಲಿ ಜಾಗವನ್ನು ಮಾತ್ರ ಹೆಚ್ಚುಕಡಿಮೆ ಮಾಡಿ ಎಂದು ಆ ಲೇಖಕ ಎಚ್ಚರಿಸಿದ್ದ. ಖಾಲಿ ಜಾಗ ಎಂದರೆ ಕೂಗದ ಜಾಗ, ಕೇಳದ ಜಾಗ. ಅಷ್ಟು ಬಲ ನಷ್ಟ. ಡಿ1 ಓದಿದ ನುರಿತವನು ಅಗಲದ ತಂಟೆಗೆ ಹೋಗುವವನೇ ಅಲ್ಲ. ಡಿ2ರಲ್ಲೋ ಕಟ್ಟುಗಳೆಲ್ಲ ಸಮ, ಅಲ್ಲಿ ಕಳ್ಳ ಕೋಲಿನ ಮಾತೇ ಇಲ್ಲ. ಈ ಮನುಷ್ಯ ಕಟ್ಟಿನ ಅಗಲವನ್ನು ಬದಲಾಯಿಸಿಯೂ ಕಂಬದ ಅಗಲವನ್ನು ಬದಲಾಯಿಸಿರಲಿಲ್ಲ. ಅರ್ಧ ಮಿಲಿಮೀಟರ್ ದಪ್ಪದ ಬಿಲ್ಲೆಯಲ್ಲಿ ಪ್ರತಿ ಕಂಬವೂ 0.2ರೊಳಗೇ ಇತ್ತು, ಎಲ್ಲ ಕಂಬಗಳೂ ಒಂದೇ ರಾಗದಲ್ಲಿದ್ದವು. ಖಾಲಿ ಜಾಗ ಎಲ್ಲೂ ಇರಲಿಲ್ಲ.

ನಾಲ್ಕರ ಕಟ್ಟು ಎರಡರದ್ದಕ್ಕಿಂತ ಜೋರಾಗಿ ಕೂಗುವುದಿಲ್ಲವೇ ಎಂದು ಮೇಡಂ ಕೇಳಿದರು. ಕೂಗುತ್ತದೆ, ಅದನ್ನು ಯಂತ್ರದಲ್ಲಿ ಏರಿಳಿಸಿ ಸಮ ಮಾಡಬಹುದು, ಆ ಮಾತು ಅರ್ಜಿಯ ಹನ್ನೊಂದನೇ ಪುಟದಲ್ಲಿದೆ ಎಂದರು. ನಾನು ಹನ್ನೊಂದನೇ ಪುಟ ತಿರುವಿದೆ. ಇತ್ತು. ಡಿ1ರ ಕೊನೆಯ ಪುಟವನ್ನು ನಾನು ಓದಿಯೇ ಇರಲಿಲ್ಲ. ಸಾರಾಂಶ, ಚಿತ್ರ, ಕ್ಲೇಮುಗಳು ಇಷ್ಟನ್ನೇ ನೋಡಿ, ನನಗೆ ಬೇಕಾದದ್ದು ಸಿಕ್ಕ ಕೂಡಲೇ ಮುಚ್ಚಿದ್ದೆ.

ಹೊರಗೆ ಕಾರಿಡಾರಿನಲ್ಲಿ ಕುಡಿಯುವ ನೀರಿನ ಬಳಿ ಮತ್ತೆ ಎದುರಾದರು. ನನ್ನ ಕೊರಳ ಗುರುತಿನ ಚೀಟಿಯ ಹೆಸರು ಓದಿ, ‘ಸಾರ್, ತಾವು ನಮ್ ಕಡೇರಾ?’ ಎಂದರು.

‘ಹೌದು, ತೀರ್ಥಹಳ್ಳಿ.’

‘ಹೌದ್ರಾ! ಅಡಿಕೆ ತೋಟ ಇರ್ಬೇಕಲ್ಲ ಸಾರ್ ಹಂಗಾರೆ.’

ತೀರ್ಮಾನ ಬಾಕಿ ಇರುವ ಕಡತದ ಬಗ್ಗೆ ನಾನು ಒಂದಕ್ಷರ ಆಡುವಂತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಇಬ್ಬರ ತಲೆಯಲ್ಲೂ ಇದ್ದದ್ದು 192 ಕಂಬಗಳು, ಬಾಯಲ್ಲಿ ಬಂದದ್ದು ಅಡಿಕೆ ಧಾರಣೆ. ಚನ್ನಗಿರಿಯಲ್ಲಿ ಅವರ ಭಾವನ ತೋಟವಿತ್ತಂತೆ. ಕೊಳೆ ಔಷಧಿ ಹೊಡೆಯುವವರು ಸಿಗುತ್ತಿಲ್ಲ ಎಂಬಲ್ಲಿಗೆ ಮಾತು ಬಂದು ನಿಂತಿತು. ‘ಬರ್ತೀನಿ ಸಾರ್, ರಾತ್ರಿ ಟ್ರೇನು’ ಎಂದು ಚೀಲ ಹೆಗಲಿಗೇರಿಸಿದರು.

ಮುಂದಿನ ವಾರ ದೀಪಾವಳಿ, ಊರಿಗೆ ಹೋದೆ. ಹಬ್ಬದ ಮಾರನೇ ದಿನ ಅಪ್ಪಯ್ಯ ಕೆಳಗಿನ ತೋಟದಿಂದ ಮೇಲಿನ ತೋಟಕ್ಕೆ ಹೋಗುವಾಗ ಹಿಂದೆ ಹೊರಟೆ. ಮೇಲಿನದು ಅಜ್ಜನ ಕಾಲದ್ದು. ಅಣಬೆ ರೋಗಕ್ಕೆ, ಗಾಳಿಗೆ ಹೋದ ಮರಗಳ ಬದಲಿಗೆ ಸಿಕ್ಕ ಸಂದಿನಲ್ಲಿ ಸಸಿ ಹಾಕುತ್ತ ಹಾಕುತ್ತ ಅಳತೆಯೇ ಉಳಿದಿಲ್ಲ. ಎರಡು ತೋಟಗಳ ನಡುವಿನ ಕಾಲುವೆಯ ಸಂಕದ ಮೇಲೆ ನಿಂತೆ. ಕೆಳಗಿನ ತೋಟದಲ್ಲಿ ತಲೆ ಹೊರಳಿಸಿದ ಹಾಗೆ ದಾರಿಗಳು ತೆರೆದವು, ಮುಚ್ಚಿದವು. ಮೇಲಿನ ತೋಟದ ಕಡೆ ತಿರುಗಿದೆ. ಎಷ್ಟು ಹೊರಳಿಸಿದರೂ ಯಾವ ದಾರಿಯೂ ತೆರೆಯಲಿಲ್ಲ. ಎಲ್ಲ ಕಡೆಯೂ ಚೂರು ಚೂರು ಬೆಳಕು, ಎಲ್ಲ ಕಡೆಯೂ ಮರ.

‘ಎಂಥ ನೋಡ್ತಿದ್ದೀಯ?’ ಎಂದರು ಅಪ್ಪಯ್ಯ.

‘ಎಂಥದೂ ಇಲ್ಲ.’

ಡಿ1 ಮತ್ತು ಡಿ2 ಎಂದು ನಾನು ಹೆಮ್ಮೆಯಿಂದ ಕೂಡಿಸಿದ ಲೆಕ್ಕದ ಅರ್ಧ ಭಾಗ ನಮ್ಮ ಮನೆಯ ಹಿಂದೆಯೇ ಇತ್ತು. ಹುಟ್ಟಿದಾಗಿನಿಂದ ಎರಡೂ ತೋಟಗಳನ್ನು ನೋಡಿದ್ದೆ. ಅಲೆಗಳ ಗಣಿತ ಓದಿದ್ದೆ, ಪರೀಕ್ಷೆಯಲ್ಲಿ ಅಂಕ ತೆಗೆದಿದ್ದೆ. ಕೆಳಗಿನ ತೋಟ ನೋಡಿ ಕಳ್ಳ ಕೋಲನ್ನು ಅರ್ಥ ಮಾಡಿಕೊಂಡವನು ನಾನೇ. ಆದರೆ ಸಂಕದ ಮೇಲೆ ನಿಂತು ಇನ್ನೊಂದು ಕಡೆ ತಿರುಗಿ ನೋಡಬೇಕೆಂದು ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ತೋಚಿರಲಿಲ್ಲ. ಬೇರೊಬ್ಬ ಸತ್ತ ಪ್ರೋಬುಗಳನ್ನು ಬಿಚ್ಚಿ ಬಿಚ್ಚಿ ಕಂಡದ್ದನ್ನು ಓದಿಯಾದ ಮೇಲೆ ಮಾತ್ರ ಅದು ಯಾರಿಗಾದರೂ ಹೊಳೆಯುವಂಥದ್ದು ಎನಿಸಿತ್ತು. ಒಗಟಿನ ಉತ್ತರ ಕೇಳಿದವನಿಗೆ ಒಗಟು ಕಟ್ಟಿದವನು ಪೆದ್ದನಂತೆ ಕಾಣುವುದುಂಟು.

ನುರಿತವನ ಅಂಗಿ ತೊಡುವುದೆಂದರೆ ಏನೆಂದು ನನಗೆ ತಿಳಿದದ್ದು ಆ ಸಂಕದ ಮೇಲೆ. ನಾನು ಅವನ ತಿಳಿವಳಿಕೆಯನ್ನು ತೊಟ್ಟಿದ್ದೆ, ಅವನ ಅಜ್ಞಾನವನ್ನು ತೊಟ್ಟಿರಲಿಲ್ಲ. ಅರ್ಜಿ ಹಾಕಿದ ದಿನದ ಹಿಂದಿನ ರಾತ್ರಿ ಅವನಿಗೆ ಏನು ಗೊತ್ತಿರಲಿಲ್ಲವೋ ಅದು ನನಗೂ ಗೊತ್ತಿರಬಾರದು. ಕಷ್ಟ ಅದೇ. ಓದುವುದಕ್ಕೆ ಸಂಬಳ ಕೊಡುತ್ತಾರೆ, ಓದಿದ್ದನ್ನು ಮರೆಯುವುದಕ್ಕೆ ಯಾವ ತರಬೇತಿಯೂ ಇಲ್ಲ.

ವಾಪಸು ಬಂದು ಮೇಡಂಗೆ ಟಿಪ್ಪಣಿ ಬರೆದೆ. ಡಿ1ರ ಕೊನೆಯ ಪ್ಯಾರಾವನ್ನು ನಾನು ಗಮನಿಸದೇ ಹೋದದ್ದನ್ನೂ ಬರೆದೆ. ಅವರು ಓದಿ ‘ಗುಡ್’ ಎಂದಷ್ಟೇ ಹೇಳಿ ಮುಂದಿನ ಕಡತ ಎತ್ತಿಕೊಂಡರು. ಹಾಗೆಂದು ಅರ್ಜಿದಾರರಿಗೆ ಕೇಳಿದ್ದೆಲ್ಲ ಸಿಗಲಿಲ್ಲ. ‘ಅಸಮವಾಗಿ ಜೋಡಿಸಿದ ಯಾವುದೇ ಟ್ರಾನ್ಸ್‌ಡ್ಯೂಸರ್ ಸಾಲು’ ಎಂದು ಅವರ ಏಜೆಂಟರು ಮೂರನೇ ಕ್ಲೇಮಿನಲ್ಲಿ ಬೀಸಿದ್ದ ದೊಡ್ಡ ಬಲೆಯನ್ನು ಮೇಡಂ ಹರಿದರು. ಅದು ಲೋ ಅವರ 1964ರ ಲೇಖನದ ಮೇಲೂ ಬೀಳುತ್ತಿತ್ತು. ರೋಗ ಪತ್ತೆಯ ಕ್ಲೇಮು ಹೋಯಿತು. ಸಮನಾದ ಕಂಬ, ಎರಡರಿಂದ ನಾಲ್ಕರ ಕಟ್ಟು, ಮರುಕಳಿಸದ ಸರದಿ, ಖಾಲಿ ಬಿಡದ ಮೈ, ಇಷ್ಟು ಸೇರಿದರೆ ಮಾತ್ರ ಎಂದು ಬಿಗಿ ಮಾಡಿದ ಒಂದು ಕ್ಲೇಮು ಉಳಿಯಿತು. ಅದಕ್ಕೆ ಪೇಟೆಂಟು ಸಿಕ್ಕಿತು.

ಆಮೇಲೆ ನಾನೊಂದು ಅಭ್ಯಾಸ ಇಟ್ಟುಕೊಂಡೆ. ಹೊಸ ಕಡತ ಬಂದರೆ ಮೊದಲು ಹಿನ್ನೆಲೆಯ ಭಾಗವನ್ನಷ್ಟೇ ಓದುವುದು. ತೊಡಕು ಏನು ಎಂದು ತಿಳಿದ ಕೂಡಲೇ ಪರದೆ ಆರಿಸುವುದು. ಒಂದು ಚೀಟಿ ತೆಗೆದುಕೊಂಡು, ಈ ತೊಡಕಿಗೆ ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಮೂರು ಸಾಲು ಬರೆಯುವುದು. ಚಿತ್ರ, ಕ್ಲೇಮು ನೋಡುವುದು ಅದಾದ ಮೇಲೆ. ತಿಂಗಳಿಗೆ ಇಷ್ಟು ಕಡತ ಮುಗಿಸಬೇಕೆಂಬ ಲೆಕ್ಕವಿದ್ದ ಕೆಲಸದಲ್ಲಿ ಇದಕ್ಕೆ ಹೋಗುತ್ತಿದ್ದ ಹತ್ತು ನಿಮಿಷ ಸಣ್ಣದಲ್ಲ. ಪಕ್ಕದ ಮೇಜಿನವರು ‘ಶಾಸ್ತ್ರ ಹೇಳೋರ ಥರ ಚೀಟಿ ಬರೀತೀರಲ್ಲ’ ಎಂದು ನಗುತ್ತಿದ್ದರು. ಕೆಲವು ಸಲ ನನ್ನ ಚೀಟಿಯಲ್ಲಿದ್ದದ್ದೇ ಅರ್ಜಿಯಲ್ಲೂ ಇರುತ್ತಿತ್ತು. ಆಗ ಯಾವ ಅಳುಕೂ ಇಲ್ಲದೆ ಆಕ್ಷೇಪಣೆ ಬರೆಯುತ್ತಿದ್ದೆ. ಎಷ್ಟೋ ಸಲ ನನ್ನ ಮೂರು ಸಾಲಿಗೂ ಅರ್ಜಿಗೂ ಸಂಬಂಧವೇ ಇರುತ್ತಿರಲಿಲ್ಲ. ಆಗ ಡಿ1ರಿಂದ ಡಿ5ರವರೆಗೆ ಎಲ್ಲವನ್ನೂ ಕೊನೆಯ ಪುಟದವರೆಗೆ ಓದುತ್ತಿದ್ದೆ.

ಕೆಲಸ ಬಿಟ್ಟು ಊರಿಗೆ ಬರುವಾಗ ಚೀಟಿಗಳೆಲ್ಲ ಒಂದು ಶೂ ಡಬ್ಬಿ ತುಂಬಿದ್ದವು. ಕಡತದ ನಂಬರಾಗಲಿ ಹೆಸರಾಗಲಿ ಇಲ್ಲದ, ನನ್ನ ಊಹೆ ಮಾತ್ರ ಇದ್ದ ಚೀಟಿಗಳು. ಅವನ್ನು ತರುವುದಕ್ಕೆ ಯಾವ ಕಲಮೂ ಅಡ್ಡಿಯಿರಲಿಲ್ಲ.

ಹೋದ ವರ್ಷ ಒಂದು ಸಂಜೆ ಮೊಬೈಲಿನಲ್ಲಿ ಪೇಟೆಂಟ್ ರಿಜಿಸ್ಟರ್ ತೆರೆದು ಆ ನಂಬರು ಹಾಕಿ ನೋಡಿದೆ. ಅದನ್ನು ಯಾರು ಬೇಕಾದರೂ ನೋಡಬಹುದು. ಪೇಟೆಂಟು ಜೀವಂತ ಉಳಿಯಬೇಕಾದರೆ ಮೂರನೇ ವರ್ಷದಿಂದ ವರ್ಷ ವರ್ಷ ಶುಲ್ಕ ಕಟ್ಟಬೇಕು, ವರ್ಷ ಕಳೆದ ಹಾಗೆ ಶುಲ್ಕ ಏರುತ್ತದೆ. ನಿಂತುಹೋದರೆ 18 ತಿಂಗಳೊಳಗೆ ಮತ್ತೆ ಎಬ್ಬಿಸಲು ಕೇಳಿಕೊಳ್ಳಬಹುದು. ಅವರ ಹೆಸರಿನ ಮುಂದೆ ಶುಲ್ಕ ಕಟ್ಟದೆ ನಿಂತುಹೋಗಿದೆ ಎಂದಿತ್ತು, 18 ತಿಂಗಳು ಎಂದೋ ದಾಟಿತ್ತು. ಯಾವ ಕಂಪನಿಯೂ ಕೊಳ್ಳಲಿಲ್ಲವೋ, ಅವರೇ ಸಾಕೆಂದುಕೊಂಡರೋ. ಈಗ ಆ ಹಣಿಗೆಯನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು.

ಡಬ್ಬಿ ತೆಗೆದು ಅಂಗಳದ ಬೆಳಕಿನಲ್ಲಿ ಚೀಟಿಗಳನ್ನು ಒಂದೊಂದಾಗಿ ನೋಡುತ್ತ ಕೂತೆ. ಒಂದಕ್ಕೆ ಮಾತ್ರ ಚೀಟಿ ಇಲ್ಲ. ಒಂದು ಖಾಲಿ ಕಾಗದ ತೆಗೆದುಕೊಂಡು ಮೇಲ್ಗಡೆ ತೊಡಕನ್ನು ಬರೆದೆ: ಪಟ್ಟಿಗಳು ಕಡಿಮೆ ಇರಬೇಕು, ದೂರ ಹೆಚ್ಚಾಗಬೇಕು, ಕಳ್ಳ ಕೋಲು ಏಳಬಾರದು. ಕೆಳಗೆ ನನ್ನ ಮೂರು ಸಾಲು ಬರೆಯೋಣ ಎಂದು ಪೆನ್ನು ಹಿಡಿದೆ. ಎರಡು, ನಾಲ್ಕು, ಮೂರು, ಎರಡು ಎಂದು ಅವರ ಸರದಿಯೇ ಬರುತ್ತಿತ್ತು. ಬೇರೇನೂ ಬರಲಿಲ್ಲ. ಕಾಗದವನ್ನು ಹಾಗೆಯೇ ಮಡಿಸಿ ಡಬ್ಬಿಯೊಳಗೆ ಹಾಕಿದೆ.